ನೆಲಕ್ಕೆ ತಕ್ಕ ಪಾದ

ಕಾಳಿ ನದಿಯು ಕಡಲನ್ನು ಕೂಡುವ ಅಳಿವೆಯ ಉತ್ತರ ದಂಡೆಯಲ್ಲಿ, ಕಾರವಾರ ಪಟ್ಟಣದ ಎದುರಿಗೆ, ದೇವಬಾಗವಿದೆ. ಪ್ರವಾಸಕ್ಕೆಂದು ಬರುವವರ ಕಣ್ಣಿಗೆ ಅದು ಗಾಳಿಮರಗಳ ತೋಪು, ನಯವಾದ ಮರಳು, ದೋಣಿಯ ವಿಹಾರ. ಅಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ಅದು ಮೂರು ಬಗೆಯ ನೆಲ. ಕಡಲ ಕಡೆಗೆ ಕಾಲು ಹೂತುಹೋಗುವ ಮರಳು. ಅದರ ಬೆನ್ನಿಗಿರುವ ತಗ್ಗಿನಲ್ಲಿ ಮಳೆಗಾಲದ ಕೆಸರುಗದ್ದೆ. ಅದಕ್ಕೂ ಆಚೆ ಸದಾಶಿವಗಡದ ಕಡೆಗೆ ಸಾಗುವ ಡಾಂಬರು ರಸ್ತೆ. ಮೂರು ನೆಲಗಳಿಗೂ ಬೇರೆ ಬೇರೆ ನಡಿಗೆ. ರಸ್ತೆಯಲ್ಲಿ ಸರಾಗವಾಗಿ ಓಡುವ ಗಾಲಿ ಮರಳಿನಲ್ಲಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಕೆಸರಿಗೆಂದು ಮಾಡಿದ ಗಾಲಿ ರಸ್ತೆಯನ್ನೇ ಕಿತ್ತುಹಾಕುತ್ತದೆ. ಈ ಸಣ್ಣ ಸಂಗತಿಯು ನಮ್ಮ ಮನೆತನದ ಒಂದು ದೊಡ್ಡ ಆತಂಕಕ್ಕೆ ಉತ್ತರ ಹುಡುಕಲು ನೆರವಾಯಿತಾದ್ದರಿಂದ ಅದನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ನಮ್ಮದು ಮೂಲತಃ ಧಾರವಾಡ ಜಿಲ್ಲೆಯ ಎರೆಭೂಮಿಯ ಒಕ್ಕಲುತನದ ಮನೆ. ತೀರ್ಥರೂಪರು ಸರಕಾರಿ ನೌಕರಿಯ ನಿಮಿತ್ತ ಕಾರವಾರಕ್ಕೆ ಬಂದು, ನಿವೃತ್ತಿಯ ಬಳಿಕ ಇಲ್ಲಿಯೇ ಮನೆ ಕಟ್ಟಿಸಿ, ತುಸು ಗದ್ದೆಯನ್ನೂ ಕೊಂಡರು. ಎರೆಭೂಮಿಯಲ್ಲಿ ಮಳೆ ಬಿದ್ದು ನೆಲ ಕೆಸರಾದರೆ ಕೆಲಸ ನಿಲ್ಲುತ್ತದೆ. ಹದ ಬರುವ ತನಕ ಚಕ್ಕಡಿಯನ್ನು ಹೊಲಕ್ಕಿಳಿಸುವವರಿಲ್ಲ. ಇಲ್ಲಿಯಾದರೋ ಕೆಸರಾದ ಮೇಲೆಯೇ ಕೆಲಸದ ಆರಂಭ. ನೀರು ನಿಲ್ಲಿಸಿದ ಗದ್ದೆಯ ಮಣ್ಣನ್ನು ಹಿಟ್ಟಿನಂತೆ ಕಲಸಿ, ನೀರು ಬೇಗ ಇಂಗಿಹೋಗದಂತೆ ತಳವನ್ನು ಬಿಗಿಗೊಳಿಸಿ, ಅನಂತರ ಸಸಿ ನಡಬೇಕು. ಈ ವ್ಯತ್ಯಾಸವನ್ನು ಅರಗಿಸಿಕೊಳ್ಳಲು ತೀರ್ಥರೂಪರಿಗೆ ನಾಲ್ಕಾರು ವರ್ಷಗಳೇ ಹಿಡಿದವು.

ಕೋಣಗಳ ಜೋಡಿಯ ಕಾಲ ಮುಗಿದು ಈಗ ನಮ್ಮ ಮನೆಯಲ್ಲಿ ಟಿಲ್ಲರ್ ಇದೆ. ಆರಿದ್ರಾ ಮಳೆ ಹಿಡಿಯುತ್ತಲೇ ಅದರ ರಬ್ಬರ್ ಗಾಲಿಗಳನ್ನು ಕಳಚಿ ಕಬ್ಬಿಣದ ಗಾಲಿ ತೊಡಿಸುವುದು ಪ್ರತಿವರ್ಷದ ಕಾರ್ಯ. ಊರವರು ಅದನ್ನು ಕೇಜ್‌ವೀಲ್ ಎನ್ನುತ್ತಾರೆ. ನೋಡಲು ಪಂಜರದಂತೆಯೇ ಇರುತ್ತದೆ. ಎರಡು ಕಬ್ಬಿಣದ ಬಳೆಗಳು, ಅವುಗಳ ನಡುವೆ ಓರೆಯಾಗಿ ಬೆಸೆದ ಅಡ್ಡಪಟ್ಟಿಗಳು, ಒಳಗೆಲ್ಲ ಬಯಲು. ರಬ್ಬರ್ ಗಾಲಿಯ ಹಲ್ಲುಗಳ ಸಂದಿಯಲ್ಲಿ ಕೆಸರು ತುಂಬಿಕೊಂಡಿತೆಂದರೆ ಅದು ಹಲ್ಲಿಲ್ಲದ ಉರುಳೆಯಾಗಿ ನಿಂತಲ್ಲಿಯೇ ತಿರುಗುತ್ತದೆ. ಪಂಜರದ ಗಾಲಿಯಲ್ಲಿ ಕೆಸರು ಅಂಟಿ ನಿಲ್ಲಲು ಎಡೆ ಕಡಿಮೆ. ಪಟ್ಟಿಯು ಮಣ್ಣನ್ನು ಹಿಂದಕ್ಕೆ ತಳ್ಳುತ್ತದೆ, ಮಣ್ಣು ಸಂದಿಯಿಂದ ಜಾರಿ ಬೀಳುತ್ತದೆ, ಗಾಲಿ ಮುಂದಕ್ಕೆ ಸಾಗುತ್ತದೆ. ಅಗಲವೂ ಹೆಚ್ಚಿರುವುದರಿಂದ ಯಂತ್ರದ ಭಾರ ಹಂಚಿಹೋಗಿ ಅದು ಆಳಕ್ಕೆ ಇಳಿಯುವುದಿಲ್ಲ. ಎಡದ ಗಾಲಿಯನ್ನು ಬಲಕ್ಕೆ ತೊಡಿಸಿದರೆ ಪಟ್ಟಿಗಳ ಓರೆ ತಿರುವುಮುರುವಾಗಿ ಹಿಡಿತ ತಗ್ಗುತ್ತದೆ. ಆದ್ದರಿಂದ ನಮ್ಮ ಕಾಕಾ ಎರಡೂ ಗಾಲಿಗಳ ಮೇಲೆ ಬಣ್ಣದ ಗುರುತು ಹಾಕಿಟ್ಟಿದ್ದಾರೆ.

ಕಾಕಾ ಎಂದರೆ ತೀರ್ಥರೂಪರ ಕಿರಿಯ ತಮ್ಮಂದಿರು. ಕಾಳಿ ಜಲವಿದ್ಯುತ್ ಯೋಜನೆಯ ಸೂಪಾ ಅಣೆಕಟ್ಟು ಕಟ್ಟುವ ಕಾಲದಲ್ಲಿ ಬುಲ್‌ಡೋಜರ್ ನಡೆಸಿದವರು. ಎಂಬತ್ತರ ಈ ವಯಸ್ಸಿನಲ್ಲಿಯೂ ಯಂತ್ರದ ಸದ್ದು ಕೇಳಿದೊಡನೆ ಅದರ ಕಾಯಿಲೆಯನ್ನು ಹೇಳಬಲ್ಲರು.

2024ರ ಆರಿದ್ರಾ ಮಳೆಯ ದಿನಗಳಲ್ಲಿ ನಮ್ಮ ಅಕ್ಕನ ಮಗ ರಜೆಯ ಮೇಲೆ ದೇವಬಾಗಕ್ಕೆ ಬಂದಿದ್ದ. ಆತ ಕೆನಡಾದ ಕ್ಯಾಲ್ಗರಿಯಲ್ಲಿ ಎಂಜಿನಿಯರ್. ಪ್ಯಾಂಟು ಮಡಚಿ ಅಂಗಳದ ರಾಡಿಯಲ್ಲಿ ಕುಳಿತು ಗಾಲಿಯ ಬೋಲ್ಟು ಬಿಗಿಯಲು ಕೈಗೂಡಿಸಿದ. ಕೆಲಸ ಮುಗಿದ ಮೇಲೆ ಅಡ್ಡಪಟ್ಟಿಯ ಎತ್ತರವನ್ನು ಬೆರಳಿನಿಂದ ಅಳೆದು ನೋಡಿ, “ಮಾವ, ಈ ಚಳಿಗಾಲಕ್ಕೆ ನನ್ನ ಗಾಡಿಗೆ ನಾನೂ ಇದನ್ನೇ ಮಾಡಬೇಕೆಂದಿದ್ದೇನೆ” ಎಂದ.

ಅವನ ಗಾಡಿಯೆಂದರೆ ಸ್ನೋಮೊಬೈಲ್. ಮುಂದೆ ಎರಡು ಜಾರುಹಲಗೆಗಳು, ಹಿಂದೆ ಎಂಜಿನ್ನಿನ ಬಲದಿಂದ ಸುತ್ತುವ ಅಗಲವಾದ ರಬ್ಬರ್ ಪಟ್ಟಿ. ಮೋಟಾರ್ ಸೈಕಲ್ಲಿನ ಮೇಲೆ ಕೂತಂತೆ ಕೂತು ಹಿಮದ ಮೇಲೆ ನಡೆಸುವಂಥದು. ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಪರ್ವತಗಳಲ್ಲಿ ಹೊಸ ಹಿಮವು ಆಳುದ್ದ ಬಿದ್ದಿರುತ್ತದೆ. ಹತ್ತಿಯ ರಾಶಿಯಂತೆ ಹಗುರ, ಕಾಲಿಟ್ಟರೆ ಸೊಂಟದವರೆಗೆ ಇಳಿಯುತ್ತದೆ. ಆತ ಅಗ್ಗಕ್ಕೆ ಕೊಂಡ ಹಳೆಯ ಗಾಡಿಯ ಪಟ್ಟಿಯ ಸುತ್ತಳತೆ 136 ಅಂಗುಲ, ಮೇಲಿನ ಹಲ್ಲುಗಳ ಎತ್ತರ 2 ಅಂಗುಲ. ಅದನ್ನು ತೆಗೆದು 154 ಅಂಗುಲದ, ಎರಡೂವರೆ ಅಂಗುಲ ಹಲ್ಲಿನ ಪಟ್ಟಿ ಹಾಕಬೇಕೆಂಬುದು ಅವನ ಬಯಕೆ. ಪರ್ವತಕ್ಕೆಂದೇ ಮಾಡಿದ ಹೊಸ ಗಾಡಿಗಳಲ್ಲಿ 174 ಅಂಗುಲದ, 3 ಅಂಗುಲ ಹಲ್ಲಿನ ಪಟ್ಟಿಗಳೂ ಇವೆಯಂತೆ.

“ಅರ್ಧ ಅಂಗುಲಕ್ಕೆ ಇಷ್ಟೆಲ್ಲ ಖರ್ಚು ಯಾಕ?” ಎಂದು ನಮ್ಮ ಮನೆಯವರು ಕೇಳಿದ್ದಕ್ಕೆ ಆತ ಅಂಗಳದ ಮರಳಿನಲ್ಲಿ ಗೆರೆ ಎಳೆದು ಲೆಕ್ಕ ಹೇಳಿದ. ಪಟ್ಟಿಯು ಬಳೆಯಂತೆ ಸುತ್ತುವುದರಿಂದ ಹೆಚ್ಚಿದ 18 ಅಂಗುಲದಲ್ಲಿ ಅರ್ಧದಷ್ಟು, ಎಂದರೆ 9 ಅಂಗುಲ, ನೆಲದ ಪಾಲಿಗೆ ಬರುತ್ತದೆ. ಪಟ್ಟಿಯ ಅಗಲ 15 ಅಂಗುಲ. ಅಲ್ಲಿಗೆ 135 ಚದರ ಅಂಗುಲ ಹೆಚ್ಚಿನ ಆಸರೆ. ಊಟಕ್ಕೆ ಕೂಡುವ ಒಂದು ಸಣ್ಣ ಮಣೆಯಷ್ಟು ಜಾಗ. ಗಾಡಿ ಮತ್ತು ಸವಾರನ ಭಾರ ಅಷ್ಟು ಹೆಚ್ಚಿನ ಜಾಗದ ಮೇಲೆ ಹಂಚಿಹೋದಾಗ ಅದು ಹಿಮದಲ್ಲಿ ಮುಳುಗದೆ ತೇಲುತ್ತದೆ. ಹಲ್ಲು ಆಳವಾದರೆ ದೋಣಿಯ ಹುಟ್ಟಿನಂತೆ ಒಂದೊಂದು ಸುತ್ತಿಗೂ ಹೆಚ್ಚು ಹಿಮವನ್ನು ಹಿಂದಕ್ಕೆ ತಳ್ಳಿ ಮುಂದಕ್ಕೆ ನೂಕುತ್ತದೆ.

ಕಾಕಾ ಕಣ್ಣರಳಿಸಿ ಕೇಳುತ್ತಿದ್ದರು. ಸೂಪಾದಲ್ಲಿ ತಾವು ನಡೆಸಿದ ಬುಲ್‌ಡೋಜರ್ ಅನೇಕ ಟನ್ನು ತೂಗುತ್ತಿತ್ತಾದರೂ, ಕಾರಿನ ಗಾಲಿ ಹೂತುಹೋಗುವ ಜಾಗದಲ್ಲಿ ಅದು ನಿರಾಯಾಸವಾಗಿ ದಾಟುತ್ತಿತ್ತೆಂಬುದನ್ನು ಅವರು ನಮಗೆ ಹಲವು ಸಲ ಹೇಳಿದ್ದರು. ಕಾರಿನ ಗಾಲಿಯು ಅಂಗೈಯಷ್ಟು ಜಾಗದ ಮೇಲೆ ಭಾರವನ್ನೆಲ್ಲ ಹೊರಿಸುತ್ತದೆ. ಬುಲ್‌ಡೋಜರಿನ ಉಕ್ಕಿನ ಪಟ್ಟಿಗಳು ಅದನ್ನು ಆಳುದ್ದಕ್ಕೆ ಹರಡುತ್ತವೆ. ಹೀಗಾಗಿ ನೆಲದ ಪ್ರತಿ ಚದರ ಅಂಗುಲದ ಮೇಲೆ ಬೀಳುವ ಒತ್ತಡವು ಕಾರಿಗಿಂತ ಬುಲ್‌ಡೋಜರಿನದೇ ಕಡಿಮೆ. ಎಲ್ಲವನ್ನೂ ಕೇಳಿ ಅವರು ಹೇಳಿದ ಒಂದೇ ಮಾತು ನಮಗೆ ಹಿಡಿಸಿತು: “ಉಸುಕಿಗೆ ಅಗಲ ಬೇಕು, ರಾಡಿಗೆ ಹಲ್ಲು ಬೇಕು. ನಿನ್ನ ಹಿಮಕ್ಕ ಎರಡೂ ಬೇಕು ಅಂಧಂಗಾತು, ತಮ್ಮಾ.” ಮರಳಿನಲ್ಲಿ ಸಿಕ್ಕಿಬಿದ್ದ ಜೀಪಿನ ಗಾಲಿಯ ಗಾಳಿಯನ್ನು ತುಸು ಇಳಿಸಿ ಅದನ್ನು ಹೊರಗೆ ತೆಗೆಯುವುದನ್ನು ದೇವಬಾಗದ ದಂಡೆಯಲ್ಲಿ ನಾವೂ ಕಂಡಿದ್ದೇವೆ. ಗಾಳಿ ಇಳಿದರೆ ಗಾಲಿ ಚಪ್ಪಟೆಯಾಗಿ ಅಗಲವಾಗುತ್ತದೆ, ಮರಳಿನ ಮೇಲೆ ತೇಲುತ್ತದೆ. ಅಲ್ಲಿ ಹಲ್ಲಿನ ಬಲ ತೋರಿಸಹೋದರೆ ಗುಂಡಿ ಆಳವಾಗುತ್ತದೆಯೇ ಹೊರತು ಗಾಡಿ ಏಳುವುದಿಲ್ಲ.

ಇಷ್ಟಾದರೂ ಪಾದ ಬದಲಿಸಿದರೆ ಸಾಲದು, ಮೈಯೆಲ್ಲ ಅದಕ್ಕೆ ಹೊಂದಬೇಕು ಎಂಬುದು ಆ ದಿನದ ಮಾತಿನಲ್ಲಿ ನಮಗೆ ತಿಳಿದುಬಂದಿತು. ಹಿಮಗಾಡಿಯ ಪಟ್ಟಿ ಉದ್ದವಾದರೆ ಅದನ್ನು ಹೊರುವ ಹಳಿಗಳೂ ಉದ್ದವಾಗಬೇಕು. ಮೇಲಿನ ಲೋಹದ ಗೂಡು ಮೋಟಾದರೆ ಅದಕ್ಕೂ ಜೋಡಣೆ ಬೇಕು. ಹಲ್ಲು ಎತ್ತರವಾದರೆ ಗೂಡಿನ ಒಳಮೈಗೆ ತಾಗದಷ್ಟು ಅಂತರವಿದೆಯೇ ಎಂದು ನೋಡಬೇಕು. ಇಲ್ಲವಾದರೆ ಪಟ್ಟಿಯನ್ನು ತಿರುಗಿಸುವ ಹಲ್ಲುಚಕ್ರವನ್ನು ಚಿಕ್ಕದು ಮಾಡಬೇಕು. ಆ ಚಕ್ರದ ಹಲ್ಲುಗಳ ಅಂತರಕ್ಕೂ ಪಟ್ಟಿಯ ಒಳಗಿನ ಕಚ್ಚುಗಳ ಅಂತರಕ್ಕೂ ಹೊಂದಿಕೆ ಇರಲೇಬೇಕು. ಭಾರವಾದ ಪಟ್ಟಿಯನ್ನು ಸುತ್ತಿಸಲು ಎಂಜಿನ್ನಿಗೆ ಹೆಚ್ಚು ಶ್ರಮವಾಗುವುದರಿಂದ ಗೇರಿನ ಅನುಪಾತವನ್ನು ತಗ್ಗಿಸಬೇಕು. ವೇಗ ಕಡಿಮೆಯಾಗುತ್ತದೆ, ಎಳೆಯುವ ಶಕ್ತಿ ಉಳಿಯುತ್ತದೆ. ಉದ್ದನೆಯ ಗಾಡಿ ನೇರವಾಗಿ ಚೆನ್ನಾಗಿ ಏರುತ್ತದೆ, ತಿರುವಿನಲ್ಲಿ ಹಟ ಮಾಡುತ್ತದೆ. ಇನ್ನೊಂದು ವಿಚಿತ್ರವೆಂದರೆ, ಪಟ್ಟಿಯು ಜಾರುವ ಹಳಿಯ ಅಂಚುಗಳನ್ನು ತಂಪಾಗಿಡುವುದು ಮೇಲೆ ಚಿಮ್ಮುವ ಹಿಮವೇ. ಬರಿಯ ಗಟ್ಟಿ ರಸ್ತೆಯ ಮೇಲೆ ಓಡಿಸಿದರೆ ಆ ಅಂಚುಗಳು ಕಾದು ಕರಗುತ್ತವೆ, ಆಳವಾದ ಹಲ್ಲುಗಳು ಹರಿದುಹೋಗುತ್ತವೆ.

ನಮ್ಮ ಕಬ್ಬಿಣದ ಗಾಲಿಯ ಗತಿಯೂ ಅದೇ. ಗದ್ದೆಯಲ್ಲಿ ಅದು ಉಪಕಾರಿ. ಡಾಂಬರಿನ ಮೇಲೆ ಅಪಕಾರಿ. ಭತ್ತ ಬೆಳೆಯುವ ಜಿಲ್ಲೆಗಳಲ್ಲಿ ಕೇಜ್‌ವೀಲ್ ಕಳಚದೆ ಟ್ರ್ಯಾಕ್ಟರನ್ನು ರಸ್ತೆಗಿಳಿಸಬಾರದೆಂದು ಅಧಿಕಾರಿಗಳು ಎಚ್ಚರಿಕೆ ಕೊಡುವುದು ಇದಕ್ಕಾಗಿಯೇ. ಲಕ್ಷಾಂತರ ರೂಪಾಯಿಯ ರಸ್ತೆ ಒಂದು ನಾಟಿಯ ಹಂಗಾಮಿನಲ್ಲಿ ಚೂರಾಗುತ್ತದೆ. ಗಾಲಿ ಕಳಚಿ ಮತ್ತೆ ತೊಡಿಸುವ ಒಂದು ತಾಸಿನ ಬೇಸರಕ್ಕೆ ಇಡೀ ಊರು ತೆರುವ ದಂಡವದು.

ಸ್ನೋಮೊಬೈಲಿನ ಹುಟ್ಟಿನ ಹಿಂದೆ ಒಂದು ಮನೆಯ ದುಃಖವಿದೆ. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಊರಿನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬ ತರುಣ ಮೆಕ್ಯಾನಿಕ್ ಇದ್ದ. ಹಿಮದ ಮೇಲೆ ಓಡುವ ಗಾಡಿಯ ಹುಚ್ಚು ಆತನಿಗೆ ಎಳವೆಯಿಂದಲೂ ಇತ್ತು. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗುವಿಗೆ ಕರುಳಿನ ಬೇನೆ ಉಲ್ಬಣಿಸಿತು. ದಾರಿಯೆಲ್ಲ ಹಿಮ ಮುಚ್ಚಿದ್ದರಿಂದ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಹೋಯಿತು. ಹಲ್ಲುಚಕ್ರದಿಂದ ರಬ್ಬರ್ ಪಟ್ಟಿಯನ್ನು ಸುತ್ತಿಸುವ ಅವನ ಏರ್ಪಾಟಿಗೆ 1937ರಲ್ಲಿ ಪೇಟೆಂಟ್ ದೊರಕಿತು. ಆ ಪಟ್ಟಿಯ ಮೇಲೆ ಓಡುವ, ಹಲವರು ಕೂಡಬಹುದಾದ ದೊಡ್ಡ ಹಿಮವಾಹನಗಳು ವೈದ್ಯರಿಗೂ ಶಾಲೆಯ ಮಕ್ಕಳಿಗೂ ಚಳಿಗಾಲದ ದಾರಿ ತೆರೆದವು. ಒಬ್ಬಿಬ್ಬರು ಕೂಡುವ ಹಗುರ ಗಾಡಿಯನ್ನು ಆತ ಸ್ಕೀಡೂ ಎಂಬ ಹೆಸರಿನಿಂದ 1959ರಲ್ಲಿ ಹೊರತಂದ. ಅಪಾಯದಿಂದ ಜನರನ್ನು ಪಾರುಮಾಡಲು ಮೂಡಿಬಂದ ಪಾದವು ಮುಂದೆ ವಿನೋದದ ಪಾದವಾಗಿ, ಜನರನ್ನು ಅಪಾಯದ ಕಡೆಗೂ ಒಯ್ಯತೊಡಗಿತು.

ನಮ್ಮ ಅಕ್ಕನ ಆತಂಕ ಅಲ್ಲಿಯೇ ಇತ್ತು. ಹುಬ್ಬಳ್ಳಿಯಲ್ಲಿರುವ ಅವರಿಗೆ ಅಂಗುಲದ ಲೆಕ್ಕ ಬೇಕಿರಲಿಲ್ಲ. ಹಿಮ ಎಂದರೆ ಅವರ ನೆನಪಿಗೆ ಬರುವುದು ಪಕ್ಕದ ಕುಂದಗೋಳ ತಾಲೂಕಿನ ಬೆಟದೂರಿನ ಯೋಧ, ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ ಹಿಮ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಆರು ದಿನಗಳ ಬಳಿಕ ಅವರಲ್ಲಿ ಹನುಮಂತಪ್ಪನವರೊಬ್ಬರು ಜೀವಂತವಾಗಿ ದೊರೆತಾಗ ಇಡೀ ನಾಡೇ ಕೈಮುಗಿದು ಹಾರೈಸಿತ್ತು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ಅಸುನೀಗಿದರು. ಆ ವಾರವಿಡೀ ಟಿ.ವಿ. ಮುಂದಿನಿಂದ ಏಳದಿದ್ದ ಅಕ್ಕ, ಮಗನ ಗಾಡಿಯ ವಿಷಯ ತಿಳಿದೊಡನೆ ನಮಗೆ ಫೋನು ಮಾಡಿ, “ಅವರು ದೇಶಕ್ಕಾಗಿ ಹೋದರು. ಇವನು ಯಾತಕ್ಕಾಗಿ ಹೊಂಟಾನ? ನೀವಾದರೂ ಬ್ಯಾಡ ಅನ್ರಿ” ಎಂದು ಕಣ್ಣೀರಿಟ್ಟರು.

ಮೂವತ್ತು ದಾಟಿದ ಮಗನಿಗೆ ಬೇಡವೆನ್ನುವ ಅಧಿಕಾರ ನಮಗಿತ್ತೆಂದು ನಾವು ಎಣಿಸಲಿಲ್ಲ. ಹಾಗೆಂದು ಅಕ್ಕನ ಮಾತನ್ನು ಹೆಂಗರುಳಿನ ಅಂಜಿಕೆಯೆಂದು ತಳ್ಳಿಹಾಕಲೂ ಮನಸ್ಸಾಗಲಿಲ್ಲ. ಇದಕ್ಕೊಂದು ಹಾದಿ ತೋರಿದ್ದು ಅದೇ ವಾರ ನೆರೆಯ ಗದ್ದೆಯಲ್ಲಿ ನಡೆದ ಪ್ರಸಂಗ.

ನೆರೆಯವರು ಗದ್ದೆ ಉಳಲು ಬಾಡಿಗೆಗೆ ಟ್ರ್ಯಾಕ್ಟರ್ ತರಿಸಿದ್ದರು. ಅದಕ್ಕೂ ದೊಡ್ಡ ಕಬ್ಬಿಣದ ಗಾಲಿಗಳಿದ್ದವು. ಆ ಧೈರ್ಯದ ಮೇಲೆ ಚಾಲಕ ಹುಡುಗ ಹಿಂದಿನ ವರ್ಷಗಳಲ್ಲಿ ಯಾರೂ ಇಳಿಯದ ಮೂಲೆಯ ತಗ್ಗಿಗೆ ಇಳಿಸಿದ. ಹಿಂದಿನ ಅಚ್ಚು ಕೆಸರಿನಲ್ಲಿ ಕೂತುಬಿಟ್ಟಿತು. ಆತ ಒಂದು ತೆಂಗಿನ ಮರದ ತುಂಡನ್ನು ತಂದು ಹಿಂಗಾಲಿಗಳಿಗೆ ಅಡ್ಡಲಾಗಿ ಸರಪಳಿಯಿಂದ ಬಿಗಿದು, ಗೇರು ಹಾಕಲು ಸಿದ್ಧನಾದ. ಬದುವಿನ ಮೇಲಿದ್ದ ಕಾಕಾ ತಮ್ಮ ಊರುಗೋಲನ್ನೂ ಬಿಟ್ಟು ಕೂಗುತ್ತ ಓಡಿದರು. ಹುಡುಗ ಎಂಜಿನ್ ನಿಲ್ಲಿಸುವವರೆಗೆ ಅವರ ಕೂಗು ನಿಲ್ಲಲಿಲ್ಲ.

ಅವರು ಅಷ್ಟು ಗಾಬರಿಯಾಗಲು ಕಾರಣವಿತ್ತು. ಎಂಜಿನ್ನಿನ ಶಕ್ತಿಯು ಅಚ್ಚಿನ ಮೂಲಕ ಗಾಲಿಯನ್ನು ತಿರುಗಿಸುತ್ತದೆ. ಗಾಲಿಯು ತಿರುಗಲಾರದಂತೆ ಬಿಗಿಯಾಗಿ ಕಚ್ಚಿಕೊಂಡರೆ ಅದೇ ಶಕ್ತಿಯು ಟ್ರ್ಯಾಕ್ಟರಿನ ಮೈಯನ್ನು ಅಚ್ಚಿನ ಸುತ್ತ ತಿರುಗಿಸುತ್ತದೆ. ಮೂತಿ ಮೇಲಕ್ಕೇಳುತ್ತದೆ, ಒಂದೆರಡು ಸೆಕೆಂಡುಗಳಲ್ಲಿ ಯಂತ್ರವು ಹಿಮ್ಮುಖವಾಗಿ ಮಗುಚಿ ಚಾಲಕನ ಮೇಲೆಯೇ ಬೀಳುತ್ತದೆ. ಕ್ಲಚ್ ಒತ್ತಲೂ ಸಮಯ ಸಿಗುವುದಿಲ್ಲ. ಹಿಡಿತವು ಸಾಲದೆ ಹೋದದ್ದಕ್ಕಿಂತ, ಹಿಡಿತವು ಅತಿಯಾಗಿ ಮೈ ಏಳಲಾರದೆ ಹೋದದ್ದು ಹೆಚ್ಚು ಘಾತುಕ. ಹೂತ ಟ್ರ್ಯಾಕ್ಟರಿನ ಗಾಲಿಗೆ ಮರದ ತುಂಡು ಕಟ್ಟಬಾರದು. ಗಾಲಿಯ ಹಿಂದಿನ ಮಣ್ಣು ತೆಗೆದು, ಬಂದ ದಾರಿಯಲ್ಲಿಯೇ ನಿಧಾನವಾಗಿ ಹಿಂದಕ್ಕೆ ಸರಿಸಲು ನೋಡಬೇಕು. ಆಗದಿದ್ದರೆ ಗಟ್ಟಿ ನೆಲದ ಮೇಲೆ ನಿಂತ ಇನ್ನೊಂದು ಯಂತ್ರದಿಂದ, ಜನರನ್ನು ದೂರ ನಿಲ್ಲಿಸಿ, ಉದ್ದ ಹಗ್ಗದಲ್ಲಿ ಎಳೆಸಬೇಕು. ಅಂದು ಹಾಗೆಯೇ ಮಾಡಿದರು. ನಾಟಿ ಅರ್ಧ ದಿನ ತಡವಾಯಿತು. ಆ ಹುಡುಗ ಸಂಜೆ ತನ್ನ ಮನೆ ಸೇರಿದ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಕಾಕಾ ಮೊಮ್ಮಗನನ್ನು ಕೇಳಿದರು: “ಆ ಹುಡುಗಗ ಹಳೇ ಗಾಲಿ ಇದ್ದಿದ್ದರ ಆ ಮೂಲಿಗೆ ಇಳೀತಿದ್ದನೇನು? ಹೊಸ ಪಟ್ಟಿ ಹಾಕಿದ ಮ್ಯಾಲೆ ನೀ ಎಲ್ಲಿಗೆ ಹೋಗಾಂವ, ಅದನ್ನ ಹೇಳು.” ಆತ ಬಹಳ ಹೊತ್ತು ಸುಮ್ಮನಿದ್ದ. ಅನಂತರ ಉಳ್ಳದ್ದನ್ನು ಉಳ್ಳಂತೆ ಹೇಳಿದ. ಹಳೆಯ ಪಟ್ಟಿಯ ಗಾಡಿ ಕಡಿದಾದ ಇಳಿಜಾರನ್ನು ಏರಲಾರದು. ಸಿಕ್ಕಿಬೀಳುವುದೂ ಕೆಳಗಿನ ಸಪಾಟು ಜಾಗದಲ್ಲಿಯೇ. ಹೊಸ ಪಟ್ಟಿಯು ಹತ್ತಿಸುವುದು ಮೂವತ್ತು ಡಿಗ್ರಿಗೂ ಮಿಕ್ಕಿದ ಇಳಿಜಾರುಗಳಿಗೆ; ಹಿಮ ಕುಸಿಯುವುದೂ ಹೆಚ್ಚಾಗಿ ಅಂಥಲ್ಲಿಯೇ. ಎಷ್ಟು ಎತ್ತರಕ್ಕೆ ಗೆರೆ ಕೊರೆದು ಬರುತ್ತೇವೆಂಬ ಪಂತದಲ್ಲಿ ಹಿಮದ ಪದರವನ್ನು ತಾವೇ ಕಡಿದು ಅದರಡಿ ಸಿಲುಕಿದವರು ಅನೇಕರು. ಹೂತವನನ್ನು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿರುತ್ತದೆ, ಅನಂತರ ವೇಗವಾಗಿ ಕುಸಿಯುತ್ತದೆ. ಹೊರಗಿನಿಂದ ಸಹಾಯ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ, ಜೊತೆಗಾರರೇ ಗತಿ.

ಈ ಮಾತು ಅವನ ಬಾಯಿಂದಲೇ ಬಂದದ್ದು ನಮಗೆ ಸಮಾಧಾನ ತಂದಿತು. ಬುದ್ಧಿವಾದದ ಅಗತ್ಯ ಉಳಿಯಲಿಲ್ಲ. ಆ ರಾತ್ರಿಯೇ ಫೋನಿನಲ್ಲಿ ಅಕ್ಕನನ್ನೂ ಕೂಡಿಸಿಕೊಂಡು ಕೆಲವು ಕಟ್ಟಳೆಗಳನ್ನು ಮಾಡಿಕೊಂಡೆವು. ಪಟ್ಟಿಗಿಂತ ಮೊದಲು ಮೂರು ವಸ್ತುಗಳನ್ನು ಕೊಳ್ಳುವುದು: ಹಿಮದಡಿಯಿಂದಲೂ ಸಂಕೇತ ಕಳಿಸುವ ಕಿರುಯಂತ್ರ, ಹೂತವರನ್ನು ಚುಚ್ಚಿ ಹುಡುಕುವ ಉದ್ದನೆಯ ಸಲಾಕೆ, ಸಲಿಕೆ. ಇವು ಗಾಡಿಯಲ್ಲಿರದೆ ಮೈಮೇಲಿರಬೇಕು, ಜೊತೆಗಾರರೆಲ್ಲರ ಬಳಿಯೂ ಇರಬೇಕು. ಅವುಗಳ ಬಳಕೆಯ ಶಿಕ್ಷಣವನ್ನು ಪಡೆಯದೆ ಪರ್ವತಕ್ಕೆ ಹೋಗಬಾರದು. ಅವಲಾಂಚ್ ಕೆನಡಾ ಎಂಬ ಸಂಸ್ಥೆ ಚಳಿಗಾಲದಲ್ಲಿ ನಿತ್ಯವೂ ಹಿಮಕುಸಿತದ ಮುನ್ಸೂಚನೆ ಪ್ರಕಟಿಸುತ್ತದೆ. ಅದನ್ನು ಓದದೆ ಮನೆ ಬಿಡಬಾರದು. ಇಳಿಜಾರಿನ ಮೇಲೆ ಒಮ್ಮೆಗೆ ಒಬ್ಬನೇ ಹೋಗಬೇಕು. ಅವನ ಗಾಡಿ ಸಿಕ್ಕಿಬಿದ್ದರೆ ಮತ್ತೊಬ್ಬ ತನ್ನ ಗಾಡಿಯನ್ನು ಅಲ್ಲಿಗೇ ಏರಿಸಬಾರದು. ಹೋಗುವಾಗ ಒಂದು ಮಾತು, ಬಂದಾಗ ಒಂದು ಮಾತು ಅಕ್ಕನಿಗೆ ತಿಳಿಸಬೇಕು.

ಆ ವರ್ಷದ ನವೆಂಬರಿನಲ್ಲಿ ಆತ ಗೆಳೆಯರ ನೆರವಿನಿಂದ ಎರಡು ದಿನ ದುಡಿದು ಪಟ್ಟಿ ಜೋಡಿಸಿದ. ಇನ್ನೂ ಉದ್ದವಾದುದು ಅಗ್ಗವಾಗಿ ಸಿಗುತ್ತಿತ್ತಂತೆ; ತನ್ನ ಹಳೆಯ ಎಂಜಿನ್ನಿಗೆ ಅದು ಭಾರವೆಂದು 154ಕ್ಕೇ ನಿಲ್ಲಿಸಿದ. ಅಲ್ಲಿಯ ಸಂಜೆ ನಮಗೆ ಬೆಳಗು. ಅಕ್ಕ ಪೂಜೆ ಮುಗಿಸಿ ಎದ್ದೊಡನೆ ಫೋನು ನೋಡುತ್ತಾರೆ. “ಮನಿ ಮುಟ್ಟೇನವ್ವಾ” ಎಂಬ ಎರಡು ಶಬ್ದ ಕಂಡ ಮೇಲೆಯೇ ಅವರ ಬಾಯಿಗೆ ಚಹಾ. ಅವರ ಅಂಜಿಕೆ ಹೋಗಿದೆಯೆಂದು ನಾವು ಹೇಳಲಾರೆವು. ಅದಕ್ಕೊಂದು ಕಾಲಮಿತಿ ದೊರಕಿದೆ, ಅಷ್ಟೇ.

ಮಕ್ಕಳು ಕೆಸರಿನಲ್ಲಿಯೋ ಹಿಮದಲ್ಲಿಯೋ ತಮ್ಮ ಕಾಯಕವನ್ನೂ ಸಂತೋಷವನ್ನೂ ಹುಡುಕಿಕೊಂಡು ಹೋಗುವರು. ಅವರ ಪಾದಕ್ಕೆ ಬಲ ಬರಲೆಂದೇ ಹೆತ್ತವರು ಹರಸುವುದು. ಆ ಬಲವು ಎಲ್ಲಿಗೆ ಹತ್ತಿಸುತ್ತದೆ ಎಂಬುದನ್ನು ಕೇಳುವಾಗಲೇ, ಅಲ್ಲಿಂದ ಇಳಿದು ಬರುವ ಬಗೆ ಹೇಗೆ ಎಂಬುದನ್ನೂ ಸಮಾಧಾನದಿಂದ ಕೇಳುವುದು ಹಿರಿಯರ ಪಾಲಿನ ಕೆಲಸ. ಈ ಹಂಗಾಮಿನಲ್ಲಿ ತಮ್ಮ ಮನೆಯ ತರುಣರು ಟ್ರ್ಯಾಕ್ಟರ್ ಹತ್ತುವ ಮುನ್ನ ವಾಚಕ ಬಂಧುಗಳು ಎರಡು ಮಾತು ಹೇಳಬೇಕೆಂದು ನಮ್ಮ ಅರಿಕೆ: ಹೂತ ಗಾಲಿಗೆ ಮರ ಕಟ್ಟಬೇಡ, ರಸ್ತೆಗೆ ಬರುವ ಮುನ್ನ ಕಬ್ಬಿಣದ ಗಾಲಿ ಕಳಚು.